ಆಲಮಟ್ಟಿ ಹಿನ್ನೀರಿಗೆ ಸಣ್ಣ ದೋಣಿ ಇಳಿಸುವ ಮುನ್ನ

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ನಡುವೆ ಕೃಷ್ಣೆ ಈಗ ಹಳೆಯ ಹೊಳೆಯಾಗಿ ಉಳಿದಿಲ್ಲ. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರಲ್ಲಿ 123 ಟಿಎಂಸಿ ಅಡಿಗಿಂತ ತುಸು ಹೆಚ್ಚು ನೀರು ನಿಲ್ಲುತ್ತದೆ. ಕೊಲ್ಹಾರ ಮತ್ತು ಕೊರ್ತಿಯ ನಡುವಿನ ಉದ್ದನೆಯ ಸೇತುವೆಯ ಮೇಲೆ ಆಗ ನಿಂತವರಿಗೆ ಎರಡೂ ಕಡೆ ದಿಗಂತದವರೆಗೆ ನೀರೇ ಕಾಣುತ್ತದೆ. ಈ ನೀರಿನಲ್ಲಿ ಬಲೆ ಬಿಡುವವರು, ಆಚೆ ದಡದ ಹೊಲಕ್ಕೆ ಹೋಗುವವರು, ಜಾತ್ರೆಗೋ ಮದುವೆಗೋ ದಾಟುವವರು ದೋಣಿ ಬಿಚ್ಚುವ ಮುನ್ನ ಒಂದು ತೀರ್ಮಾನ ಮಾಡಲೇಬೇಕು: ಇವತ್ತು ಇಳಿಯಬಹುದೇ, ಬೇಡವೇ? ಕಾರವಾರ, ಮಲ್ಪೆಗಳ ನಾಡದೋಣಿಯವರ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. ಸಮುದ್ರಕ್ಕಾಗಿ ಬೆಳೆದ ತೆರೆಗಳ ವಿಜ್ಞಾನ ಹಿನ್ನೀರಿಗೂ ಹೊಂದುತ್ತದೆ, ಆದರೆ ಅಂಕಿಗಳು ಬದಲಾಗುತ್ತವೆ, ಅಪಾಯದ ಸ್ವರೂಪವೂ ಬದಲಾಗುತ್ತದೆ. ‘ಇದೇನು ಸಮುದ್ರವೇ, ಬರೀ ಹಿನ್ನೀರು’ ಎಂಬ ಧೈರ್ಯದ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಭೌತಶಾಸ್ತ್ರದಲ್ಲಿಯೇ ಕಾರಣಗಳಿವೆ.

ತೆರೆ ಎಷ್ಟು ಎತ್ತರಕ್ಕೆ ಬೆಳೆಯುತ್ತದೆ ಎಂಬುದನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ: ಗಾಳಿಯ ವೇಗ, ಆ ಗಾಳಿ ಎಷ್ಟು ಹೊತ್ತು ಬೀಸಿತು ಎಂಬುದು, ಮತ್ತು ತಡೆಯಿಲ್ಲದ ನೀರಿನ ಮೇಲೆ ಅದು ಎಷ್ಟು ದೂರ ಸಾಗಿತು ಎಂಬುದು. ಮೂರನೆಯದನ್ನು ಇಲ್ಲಿ ಗಾಳಿಯ ಓಟ ಎಂದು ಕರೆಯೋಣ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಒಂದು ಕಿಲೋಮೀಟರ್ ಓಟದ ಕೊನೆಯಲ್ಲಿ ತೆರೆಯ ಎತ್ತರ ಸುಮಾರು ಕಾಲು ಮೀಟರ್ ಇರುತ್ತದೆ. ಮೂರು ಕಿಲೋಮೀಟರ್ ಹೊತ್ತಿಗೆ ಅದು 40 ಸೆಂಟಿಮೀಟರ್ ಮುಟ್ಟುತ್ತದೆ, ಹತ್ತು ಕಿಲೋಮೀಟರಿನಲ್ಲಿ 60 ಸೆಂಟಿಮೀಟರ್ ದಾಟುತ್ತದೆ. ಇಷ್ಟು ಬೆಳೆಯಲು ಬೇಕಾಗುವ ಸಮಯ ಎರಡು ತಾಸಿನ ಆಸುಪಾಸು ಮಾತ್ರ. ಅದೇ ಹತ್ತು ಕಿಲೋಮೀಟರ್ ನೀರಿನ ಮೇಲೆ ಗಾಳಿಯ ವೇಗ 54 ಕಿಲೋಮೀಟರಿಗೆ ಏರಿದರೆ ತೆರೆ ಒಂದು ಮೀಟರ್ ಮುಟ್ಟುತ್ತದೆ.

ಈ ಲೆಕ್ಕದಿಂದ ಎದ್ದು ಕಾಣುವ ಒಂದು ಸತ್ಯವನ್ನು ದಡದಲ್ಲಿ ನಿಂತವರು ಸುಲಭವಾಗಿ ಮರೆಯುತ್ತಾರೆ. ಗಾಳಿ ಬೆನ್ನಿಗೆ ಬೀಸುವ ದಡದಲ್ಲಿ ಓಟ ಸೊನ್ನೆಯಿಂದ ಶುರುವಾಗುವುದರಿಂದ, ಅಲ್ಲಿಯ ನೀರು ಎಂಥ ಗಾಳಿಯಲ್ಲೂ ಸಪಾಟಾಗಿಯೇ ಇರುತ್ತದೆ. ದೋಣಿ ಕಟ್ಟಲು ಜನ ಆರಿಸುವುದೂ ಇಂಥ ಮರೆಯ ಜಾಗವನ್ನೇ: ಒಳಕ್ಕೆ ಬಾಗಿದ ದಂಡೆ, ಗುಡ್ಡದ ಮಗ್ಗುಲು, ಜಾಲಿಗಿಡಗಳ ಹಿಂದೆ. ಆದ್ದರಿಂದ ಕಾಲ ಬುಡದ ನೀರನ್ನು ನೋಡಿ ಪಯಣ ನಿರ್ಧರಿಸಿದರೆ, ಆ ಪಯಣದ ಅತ್ಯಂತ ಸೌಮ್ಯವಾದ ಜಾಗವನ್ನು ನೋಡಿ ನಿರ್ಧರಿಸಿದಂತಾಗುತ್ತದೆ. ನೋಡಬೇಕಾದದ್ದು ನಡುನೀರನ್ನು. ಸಾಧ್ಯವಿದ್ದರೆ ಎತ್ತರದ ಜಾಗ ಹತ್ತಿ ನಿಂತು, ಗಾಳಿ ಯಾವ ದಿಕ್ಕಿನಿಂದ ಎಷ್ಟು ಉದ್ದದ ನೀರನ್ನು ದಾಟಿ ಬರುತ್ತಿದೆ ಎಂದು ಗಮನಿಸಬೇಕು.

ಆಲಮಟ್ಟಿಯ ಹಿನ್ನೀರಿನಲ್ಲಿ ಈ ದಿಕ್ಕಿನ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಜಲಾಶಯ ಒಟ್ಟಾರೆ ಪಶ್ಚಿಮದಿಂದ ಪೂರ್ವಕ್ಕೆ ಚಾಚಿಕೊಂಡಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲುಸೀಮೆಯಲ್ಲಿ ಬೀಸುವ ಮುಂಗಾರು ಗಾಳಿಯೂ ಪಶ್ಚಿಮದ ಕಡೆಯಿಂದಲೇ ಬರುತ್ತದೆ. ಅಂದರೆ ಜಲಾಶಯ ತುಂಬುವ ತಿಂಗಳುಗಳಲ್ಲಿಯೇ ಗಾಳಿಗೆ ಅದರ ಉದ್ದವೆಲ್ಲ ಓಟವಾಗಿ ಸಿಗುತ್ತದೆ. ಇತ್ತ ದೋಣಿಗಳು ದಾಟುವುದು ಬಹುಮಟ್ಟಿಗೆ ಉತ್ತರದಿಂದ ದಕ್ಷಿಣಕ್ಕೆ, ವಿಜಯಪುರದ ದಡದಿಂದ ಬಾಗಲಕೋಟೆಯ ದಡಕ್ಕೆ. ಹೀಗಾಗಿ ತೆರೆಗಳು ದೋಣಿಯ ಮೂತಿಗೆ ಬಡಿಯದೆ ಮಗ್ಗುಲಿಗೆ ಬಡಿಯುತ್ತವೆ. ಸಣ್ಣ ದೋಣಿಗೆ ಇದಕ್ಕಿಂತ ಕೆಟ್ಟ ಕೋನ ಬೇರೊಂದಿಲ್ಲ.

ಎತ್ತರಕ್ಕಿಂತಲೂ ಮುಖ್ಯವಾದದ್ದು ತೆರೆಯ ಕಡಿದು, ಅಂದರೆ ಒಂದು ನೆತ್ತಿಯಿಂದ ಮುಂದಿನ ನೆತ್ತಿಯವರೆಗಿನ ಉದ್ದಕ್ಕೆ ಹೋಲಿಸಿದರೆ ತೆರೆ ಎಷ್ಟು ಎತ್ತರ ಎಂಬುದು. ಒಂದು ತೆರೆಯ ನೆತ್ತಿ ಹಾದುಹೋದ ಮೇಲೆ ಮುಂದಿನದು ಬರಲು ಹಿಡಿಯುವ ಸೆಕೆಂಡುಗಳನ್ನು ಎಣಿಸಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.56ರಿಂದ ಗುಣಿಸಿದರೆ ಆಳದ ನೀರಿನಲ್ಲಿ ತೆರೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಅರಬ್ಬೀ ಸಮುದ್ರಕ್ಕೆ ಬಹುದೂರದಿಂದ ಬರುವ 10 ಸೆಕೆಂಡಿನ ಉಬ್ಬುತೆರೆಯ ಉದ್ದ 156 ಮೀಟರ್. ಅದು ಒಂದು ಮೀಟರ್ ಎತ್ತರವಿದ್ದರೂ ಆಳದ ನೀರಿನಲ್ಲಿ ದೋಣಿ ಅದರ ಮೇಲೆ ನಿಧಾನವಾಗಿ ಏರಿ ಇಳಿಯುತ್ತದೆ. ಹಿನ್ನೀರಿನ ತೆರೆಯ ಅವಧಿ ಸಾಮಾನ್ಯವಾಗಿ ಮೂರು ಸೆಕೆಂಡಿನ ಆಸುಪಾಸು, ಉದ್ದ ಸುಮಾರು 14 ಮೀಟರ್. ಎತ್ತರ ಅರ್ಧ ಮೀಟರೇ ಇದ್ದರೂ ಇದು ಕಡಿದಾದ ತೆರೆ. ಒಂದರ ಹಿಂದೆ ಒಂದು ಬರುತ್ತದೆ, ದೋಣಿಗೆ ಚೇತರಿಸಿಕೊಳ್ಳಲು ಬಿಡುವು ಕೊಡುವುದಿಲ್ಲ. ಹಿನ್ನೀರು ಸಮುದ್ರದ ಚಿಕ್ಕ ಪ್ರತಿ ಎಂದು ಭಾವಿಸುವವರು ತಪ್ಪುವುದು ಇಲ್ಲಿಯೇ.

ಎತ್ತರದ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇಂಕಾಯ್ಸ್, ಕರಾವಳಿಗೆ ಕೊಡುವ ತೆರೆ ಮುನ್ಸೂಚನೆಯಲ್ಲಿ ಇರುವುದು ಅತಿ ಎತ್ತರದ ಮೂರನೇ ಒಂದು ಭಾಗ ತೆರೆಗಳ ಸರಾಸರಿ. ನಾನು ಮೇಲೆ ಕೊಟ್ಟ ಅಂಕಿಗಳೂ ಅದೇ ಬಗೆಯವು. ಕೆಲವು ತಾಸು ನೀರಿನಲ್ಲಿದ್ದರೆ ಆ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು ಎತ್ತರದ ಒಂದು ತೆರೆ ಎದುರಾಗುವುದು ಸಹಜ. 60 ಸೆಂಟಿಮೀಟರ್ ಎಂದರೆ ಎಲ್ಲೋ ಒಂದು ತೆರೆ ಒಂದು ಮೀಟರಿಗೂ ಮಿಗಿಲು ಎಂದೇ ಓದಿಕೊಳ್ಳಬೇಕು. ಇದೇ ಸಂಸ್ಥೆ ಸಣ್ಣ ದೋಣಿಗಳಿಗಾಗಿ ಪ್ರತ್ಯೇಕ ಸುರಕ್ಷತಾ ಸೂಚ್ಯಂಕವನ್ನೂ ಕೊಡುತ್ತದೆ. ತೆರೆಯ ಎತ್ತರದ ಜೊತೆಗೆ ಅದರ ಕಡಿದು, ತೆರೆಗಳು ಬರುವ ದಿಕ್ಕುಗಳ ಹರವು ಮತ್ತು ಗಾಳಿ ಎಷ್ಟು ಬೇಗ ಬಲಗೊಳ್ಳುತ್ತಿದೆ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಸೇವೆ ಇರುವುದು ಕರಾವಳಿಯ ನೀರಿಗೆ. ಕೃಷ್ಣೆಯ ಹಿನ್ನೀರಿನಲ್ಲಿ ಅದೇ ಲೆಕ್ಕವನ್ನು ದೋಣಿಯವನೇ ತನ್ನ ಕಣ್ಣಳತೆಯಲ್ಲಿ ಮಾಡಬೇಕು.

ಇನ್ನು ದೋಣಿಯ ವಿಚಾರ. ಮಗ್ಗುಲಿಗೆ ಬಡಿಯುವ ತೆರೆ ಮುರಿದು ಬೀಳುವಂಥದ್ದಾಗಿದ್ದು, ಅದರ ಎತ್ತರ ದೋಣಿಯ ಉದ್ದದ ಶೇ. 30ರಷ್ಟಿದ್ದರೆ ದೋಣಿ ಮಗುಚಬಹುದು ಎಂಬುದು ಸಮುದ್ರಯಾನದಲ್ಲಿ ಬಳಕೆಯಲ್ಲಿರುವ ಅಳತೆ. ಆ ಲೆಕ್ಕದಲ್ಲಿ ಐದು ಮೀಟರ್ ದೋಣಿಗೆ ಒಂದೂವರೆ ಮೀಟರ್ ತೆರೆ ಬೇಕು, ಹಿನ್ನೀರಿನಲ್ಲಿ ಅದು ಅಪರೂಪ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಆ ಅಳತೆ ಮೇಲ್ಭಾಗ ಮುಚ್ಚಿದ ದೋಣಿಗಳನ್ನು ಕುರಿತದ್ದು. ನಮ್ಮ ದೋಣಿಗಳು ತೆರೆದವು. ಅವು ಮಗುಚುವುದಕ್ಕೆ ಮೊದಲೇ ಅವುಗಳಲ್ಲಿ ನೀರು ತುಂಬುತ್ತದೆ.

ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಚಪ್ಪಟೆ ತಳದ ದೋಣಿಯೊಂದನ್ನು ತೆಗೆದುಕೊಳ್ಳೋಣ. ಅದು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ 75 ಕಿಲೋ ಭಾರ ಬೇಕು, ಅಂದರೆ ಸರಿಸುಮಾರು ಒಬ್ಬ ಆಳು. ಖಾಲಿ ಇದ್ದಾಗ ಅದರ ಅಂಚು ನೀರಿನಿಂದ 40 ಸೆಂಟಿಮೀಟರ್ ಮೇಲಿದೆ ಎಂದಾದರೆ, 20 ಜನ ಏರಿದಾಗ ಉಳಿಯುವುದು 20ರಿಂದ 25 ಸೆಂಟಿಮೀಟರ್. ಒಂದು ಮೋಟಾರ್ ಸೈಕಲ್ಲನ್ನೂ ಏರಿಸಿದರೆ ಇನ್ನೂ ಒಂದೂವರೆ ಎರಡು ಸೆಂಟಿಮೀಟರ್ ಕಡಿಮೆಯಾಗುತ್ತದೆ. 60 ಸೆಂಟಿಮೀಟರ್ ತೆರೆಯ ನೆತ್ತಿ ಸಮಮಟ್ಟದಿಂದ ಸುಮಾರು 30 ಸೆಂಟಿಮೀಟರ್ ಮೇಲಿರುತ್ತದೆ. ದೋಣಿ ತೆರೆಯ ಜೊತೆ ಏಳುತ್ತದೆ ನಿಜ, ಆದರೆ ಭಾರ ಹೆಚ್ಚಿದಷ್ಟೂ ಅದು ಏಳುವುದು ತಡ. ಕಡಿದಾದ ತೆರೆ ಅಷ್ಟು ಹೊತ್ತು ಕಾಯುವುದಿಲ್ಲ. ಒಮ್ಮೆ ಒಳಗೆ 10 ಸೆಂಟಿಮೀಟರ್ ನೀರು ನಿಂತಿತೆಂದರೆ ಅದೇ 750 ಕಿಲೋ. ಆ ನೀರು ಒಂದೆಡೆ ನಿಲ್ಲುವುದೂ ಇಲ್ಲ. ದೋಣಿ ಯಾವ ಕಡೆ ವಾಲುತ್ತದೆಯೋ ಆ ಕಡೆಗೇ ಹರಿದು ವಾಲಿಕೆಯನ್ನು ಹೆಚ್ಚಿಸುತ್ತದೆ. ಗಾಬರಿಯಿಂದ ಜನ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರಿ, ಉಳಿದಿದ್ದ ಅಲ್ಪಸ್ವಲ್ಪ ಸ್ಥಿರತೆಯೂ ಹೋಗುತ್ತದೆ. ಆದ್ದರಿಂದ ನಾಲ್ಕು ಜನರಿಗೆ ಸುರಕ್ಷಿತವಾದ ನೀರು ಇಪ್ಪತ್ತು ಜನರಿಗೆ ಸುರಕ್ಷಿತವಾಗಿರಬೇಕಿಲ್ಲ. ನೀರು ಹೇಗಿದೆ ಎಂಬ ಪ್ರಶ್ನೆಯನ್ನು ದೋಣಿಯ ಅಂಚನ್ನು ಅಳೆಯದೆ ಕೇಳಿ ಪ್ರಯೋಜನವಿಲ್ಲ.

ಗಾಳಿಯನ್ನು ಕಣ್ಣಿನಿಂದಲೇ ಅಳೆಯಲು ಒಂದು ಹಳೆಯ, ನಂಬಿಕಸ್ಥ ಉಪಾಯವಿದೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ರೂಪಿಸಿದ ಮಾಪನದ ಇಂದಿನ ರೂಪದ ಪ್ರಕಾರ, ತೆರೆಗಳ ನೆತ್ತಿಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿಯ ವೇಗ ಗಂಟೆಗೆ 12ರಿಂದ 19 ಕಿಲೋಮೀಟರ್. ನೊರೆ ಮೇಲಿಂದ ಮೇಲೆ ಕಾಣತೊಡಗಿದರೆ 20ರಿಂದ 28. ಹಿನ್ನೀರಿನಲ್ಲಿ ಓಟ ಕಡಿಮೆಯಾದ್ದರಿಂದ ಈ ಹೊಂದಿಕೆ ಕರಾರುವಾಕ್ಕಲ್ಲ, ಆದರೂ ನಡುನೀರಿನ ತುಂಬ ಬಿಳಿ ನೊರೆ ಕಾಣುವ ದಿನ ತುಂಬಿದ ದೋಣಿ ದಡ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 20 ಇದ್ದದ್ದು 40 ಆದರೆ ಒತ್ತಡ ನಾಲ್ಕು ಪಟ್ಟು. ತಳದ ನಡುವೆ ಉದ್ದಕ್ಕೆ ಚಾಚಿದ ದಿಂಡು (ಕೀಲ್) ಇಲ್ಲದ ದುಂಡನೆಯ ತೆಪ್ಪ ಇಂಥ ಗಾಳಿಯಲ್ಲಿ ಹುಟ್ಟಿನ ಮಾತು ಕೇಳುವುದಿಲ್ಲ, ಗಾಳಿ ಒಯ್ದತ್ತ ಹೋಗುತ್ತದೆ. ಮೊಬೈಲಿನಲ್ಲಿ ಸಿಗುವ ವಿಜಯಪುರ ಅಥವಾ ಬಾಗಲಕೋಟೆ ನಗರದ ಗಾಳಿಯ ಅಂಕಿ ನೆಲದ ಮೇಲಿನದು ಎಂಬುದನ್ನೂ ನೆನಪಿಡಬೇಕು. ಮರ, ಮನೆಗಳ ತಡೆಯಿಲ್ಲದ ನೀರಿನ ಮೇಲೆ ಅದೇ ಗಾಳಿ ಇನ್ನೂ ಜೋರಾಗಿರುತ್ತದೆ.

ಹೊತ್ತಿನ ಲೆಕ್ಕವೂ ಬೇಕು. ಬಿಸಿಲೇರಿದಂತೆ ಕಾದ ನೆಲದ ಗಾಳಿ ಮೇಲೇರಿ, ಎತ್ತರದಲ್ಲಿ ವೇಗವಾಗಿ ಚಲಿಸುತ್ತಿರುವ ಗಾಳಿ ಕೆಳಗಿಳಿದು ಬೆರೆಯುವುದರಿಂದ, ಬೆಳಗ್ಗೆ ಶಾಂತವಾಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕದಡುತ್ತದೆ. ಬೆಳಗಿನ ಏಳಕ್ಕೆ ಹೋಗುವ ತೀರ್ಮಾನ ಮಾಡಿದವರು ಸಂಜೆ ನಾಲ್ಕರ ವಾಪಸಾತಿಯ ತೀರ್ಮಾನವನ್ನೂ ಆಗಲೇ ಮಾಡಿರುತ್ತಾರೆ, ಅದು ಅವರ ಗಮನಕ್ಕೆ ಬಂದಿರಲಿ, ಬಾರದಿರಲಿ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ದಿನಗಳಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು. ಮೋಡದ ಒಳಗಿಂದ ತಣ್ಣಗಾದ ಗಾಳಿ ಧುಮುಕಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ, ಮಳೆಹನಿ ಬೀಳುವುದಕ್ಕೆ ಎಷ್ಟೋ ಮುಂಚೆ ಹಲವು ಕಿಲೋಮೀಟರ್ ಮುಂದಕ್ಕೆ ನುಗ್ಗುತ್ತದೆ. ಸೆಕೆ ಸುಡುತ್ತಿದ್ದಾಗ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಮುಖಕ್ಕೆ ಬಡಿದು, ದೂರದ ದಂಡೆಯಲ್ಲಿ ಧೂಳು ಎದ್ದರೆ, ಆಗ ಉಳಿದಿರುವುದು ನಿಮಿಷಗಳು ಮಾತ್ರ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಎಣಿಕೆ 30ರ ಒಳಗಿದ್ದರೆ ನೀರಿನ ಮೇಲೆ ಇರಲೇಬಾರದು, ಏಕೆಂದರೆ ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ದೋಣಿಯಲ್ಲಿ ಕುಳಿತ ಮನುಷ್ಯ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ದೋಣಿ ನಡೆಸುವವರ ಮೊಬೈಲಿನಲ್ಲಿ ಅದು ಇರಲೇಬೇಕು.

ಜಲಾಶಯದಿಂದ ಮೇಲಕ್ಕೆ, ಜಮಖಂಡಿ, ಅಥಣಿ, ಚಿಕ್ಕೋಡಿಗಳ ಕಡೆಗೆ ಹೋದಂತೆ ಗಾಳಿಗಿಂತ ಸೆಳವಿನ ಪ್ರಶ್ನೆ ದೊಡ್ಡದಾಗುತ್ತದೆ. ಇಲ್ಲಿ ಆಕಾಶ ನೋಡಿ ಪ್ರಯೋಜನವಿಲ್ಲ. ಊರಲ್ಲಿ ಬಿಸಿಲಿದ್ದರೂ ಮಹಾಬಳೇಶ್ವರದ ಕಡೆ ಮಳೆ ಸುರಿದು, ಕೊಯ್ನಾದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ದೂಧಗಂಗಾ ಸೇರಿ ಕಲ್ಲೋಳದ ಬಳಿ ಎಷ್ಟು ಎಂಬ ಅಂಕಿಗಳನ್ನು ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಮುದ್ರಿಸುತ್ತವೆ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಇವತ್ತಿನ ಅಂಕಿಗಿಂತ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸವೇ ದೋಣಿಯವನಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಏರುತ್ತಿರುವ ಹೊಳೆ ದಂಡೆಯ ಕಸ, ಬೇರುಸಹಿತ ಕಿತ್ತ ಗಿಡಗಳನ್ನು ಹೊತ್ತು ತರುತ್ತದೆ.

ಸೆಳವಿಗೆ ಎದುರಾಗಿ ಗಾಳಿ ಬೀಸುವ ಜಾಗಗಳು ಇನ್ನೂ ಕೆಟ್ಟವು. ಎದುರು ನೀರಿಗೆ ಸಿಕ್ಕ ತೆರೆ ಮುಂದೆ ಸಾಗಲಾರದೆ ಕುಗ್ಗಿ, ಎತ್ತರವಾಗಿ, ಮುರಿಯುತ್ತದೆ. ಸೆಳವಿನ ವೇಗ ತೆರೆಯ ವೇಗದ ಕಾಲು ಭಾಗ ಮುಟ್ಟಿದರೆ ತೆರೆ ಮುಂದೆ ಸಾಗುವುದೇ ನಿಂತುಹೋಗುತ್ತದೆ. ಮೂರು ಸೆಕೆಂಡಿನ ತೆರೆಗೆ ಆ ಕಾಲು ಭಾಗವೆಂದರೆ ಗಂಟೆಗೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು, ಮನುಷ್ಯ ನಡೆಯುವಷ್ಟೇ ವೇಗ. ಪಶ್ಚಿಮದ ಗಾಳಿ ಸಾಮಾನ್ಯವಾಗಿ ಹೊಳೆಯ ಜೊತೆಗೇ ಸಾಗುತ್ತದಾದರೂ, ಹೊಳೆ ಬಾಗಿ ತಿರುಗುವ ಕಡೆಗಳಲ್ಲಿ ಮತ್ತು ಹಿಂಗಾರಿನ ಪೂರ್ವದ ಗಾಳಿ ಬೀಸುವಾಗ ಎರಡೂ ಎದುರುಬದುರಾಗುತ್ತವೆ. ಘಟಪ್ರಭೆ ಬಂದು ಸೇರುವ ಚಿಕ್ಕಸಂಗಮದಂಥ ಕಡೆ ಎರಡು ಹರಿವುಗಳು ಕೂಡುವುದರಿಂದ ಮಳೆಗಾಲದಲ್ಲಿ ನೀರಿನ ನಡೆ ಊಹೆಗೆ ಸಿಗುವುದಿಲ್ಲ.

ಇಷ್ಟೆಲ್ಲ ನೋಡಿ ಹೊರಟ ಮೇಲೂ ಹಿಂದಿರುಗುವ ಗೆರೆಯನ್ನು ದಡದಲ್ಲಿರುವಾಗಲೇ ಎಳೆದುಕೊಳ್ಳಬೇಕು: ಇಂಥ ಕಡೆ ನೊರೆ ಕಂಡರೆ, ಒಳಗೆ ಇಷ್ಟು ನೀರು ಬಂದರೆ, ಇಷ್ಟು ಹೊತ್ತಿಗೆ ಅರ್ಧ ದಾರಿ ಮುಟ್ಟದಿದ್ದರೆ ವಾಪಸು. ನಡುನೀರಿನಲ್ಲಿ ಎಂಜಿನ್ ಕೆಟ್ಟರೆ ಗಾಳಿ ದೋಣಿಯನ್ನು ಯಾವ ದಂಡೆಗೆ ಒಯ್ಯುತ್ತದೆ ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಲೈಫ್ ಜಾಕೆಟ್‌ಗಳನ್ನು ಹಲಗೆಯ ಕೆಳಗೆ ಗಂಟು ಕಟ್ಟಿಡುವ ರೂಢಿ ಬಿಟ್ಟು, ದಡ ಬಿಡುವ ಮುನ್ನವೇ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಅವನ್ನು ತೊಟ್ಟು ಪಟ್ಟಿ ಬಿಗಿದುಕೊಂಡಿರಬೇಕು. ದೋಣಿ ವಾಲಿದ ಮೇಲೆ ಅವನ್ನು ಹುಡುಕಿ ತೊಡಲು ಸಮಯ ಸಿಗುವುದಿಲ್ಲ.