ನನ್ನ ತೋಳ ನನ್ನ ಮಾತು ಯಾಕೆ ಕೇಳ್ತಿಲ್ಲ?

ಓದುಗರ ಪ್ರಶ್ನೆ: ಗಂಗಾವತಿಯಲ್ಲಿ ನಾವು ಗೆಳೆಯರು ಸೇರಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರವಾಗಿ, ದಾಳ ಹಾಕಿ ಕಥೆ ಕಟ್ಟುವ ಮೇಜಿನ ಆಟ) ಆಡುತ್ತೇವೆ. ನಿಯಮ 3.5 ಆವೃತ್ತಿಯದು. ನನ್ನದು 4ನೇ ಲೆವೆಲ್‌ನ ರೇಂಜರ್ (ಕಾಡು ಬಲ್ಲ ಬೇಟೆಗಾರ) ಪಾತ್ರ, ಕರಿಷ್ಮಾ (ವ್ಯಕ್ತಿತ್ವದ ಸೆಳೆತದ ಅಂಕ) 12, ಪ್ರಾಣಿ ಪಳಗಿಸುವ ಕೌಶಲವಾದ ಹ್ಯಾಂಡಲ್ ಅನಿಮಲ್‌ಗೆ 7 ರ‍್ಯಾಂಕ್ ಹಾಕಿದ್ದೇನೆ. ಸಂಗಾತಿಯಾಗಿ ಒಂದು ತೋಳ ಇದೆ. ಹೋದ ವಾರ ಹಾಳು ಕೋಟೆಯೊಳಗೆ ಅಸ್ಥಿಪಂಜರಗಳು ಎದ್ದು ಬಂದವು. ಹಿಡಿ ಅಂದೆ, ತೋಳ ಕದಲಲಿಲ್ಲ. ಡಿಎಂ (ಆಟ ನಡೆಸುವವರು) 20 ಮುಖದ ದಾಳ ಹಾಕಿಸಿದರು, 9 ಬಿತ್ತು, ಆಗಲ್ಲ ಅಂದರು. ಅದಕ್ಕೂ ಹಿಂದಿನ ವಾರ ಇದೇ ತೋಳ ಒಂದೇ ಮಾತಿಗೆ ಕಳ್ಳರ ಮೇಲೆ ಹಾರಿತ್ತು. ಸಂಗಾತಿ ಅಂದಮೇಲೆ ಮಾತು ಕೇಳಬೇಕಲ್ವಾ? ಡಿಎಂ ಮಾಡಿದ್ದು ಅನ್ಯಾಯ ಅಲ್ವಾ?

ಉತ್ತರ: ಅನ್ಯಾಯ ಆಗಿಲ್ಲ. ನಿಮ್ಮ ಡಿಎಂ ಪುಸ್ತಕದಲ್ಲಿ ಇರುವುದನ್ನೇ ಆಡಿಸಿದ್ದಾರೆ. ತೋಳಕ್ಕೂ ನಿಮ್ಮ ಮೇಲೆ ಮುನಿಸಿಲ್ಲ. 3.5ರಲ್ಲಿ ಅಟ್ಯಾಕ್ (ದಾಳಿ) ಅನ್ನೋ ಟ್ರಿಕ್, ಅಂದರೆ ಹೇಳಿದರೆ ಮಾಡುವ ಕೆಲಸ, ಕಲಿತ ಪ್ರಾಣಿ ಮನುಷ್ಯರ ಮೇಲೆ, ಮನುಷ್ಯರ ಆಕಾರದ ಜೀವಿಗಳ ಮೇಲೆ, ದೈತ್ಯರ ಮೇಲೆ, ಬೇರೆ ಪ್ರಾಣಿಗಳ ಮೇಲೆ ಮಾತ್ರ ಬೀಳುತ್ತದೆ. ಸತ್ತು ಎದ್ದು ಬಂದವು, ಊರಿಗಿಲ್ಲದ ವಿಕಾರ ಜೀವಿಗಳು, ಇವುಗಳ ಮೇಲೂ ಬೀಳಬೇಕು ಅಂದರೆ ಅದನ್ನು ಬೇರೆಯಾಗಿ ಕಲಿಸಬೇಕು. ಅದು ಎರಡು ಟ್ರಿಕ್‌ನ ಲೆಕ್ಕ. ಪುಸ್ತಕದಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ಬಹಳ ಜನರ ಕಣ್ತಪ್ಪುತ್ತದೆ.

ಬಂಡಿ ಎಳೆದು ಪಳಗಿದ ಎತ್ತನ್ನು ಒಮ್ಮೆಲೇ ಎಡೆಕುಂಟೆಗೆ ಹೂಡಿ ನೋಡಿ. ಸಾಲು ಬಿಟ್ಟು ಬೆಳೆ ತುಳಿಯುತ್ತದೆ. ಅದು ಎತ್ತಿನ ಸೊಕ್ಕಲ್ಲ, ಆ ಕೆಲಸ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ನಿಮ್ಮ ತೋಳದ್ದೂ ಅದೇ ಕಥೆ.

ಈಗ ಸ್ವಲ್ಪ ಒಳಗೆ ಹೋಗೋಣ. ಮಾತು ಕೇಳುವುದು ಅನ್ನೋದನ್ನ 3.5 ಮೂರು ಬೇರೆ ಬೇರೆ ಕೆಲಸವಾಗಿ ನೋಡುತ್ತದೆ. ಮೊದಲನೆಯದು ಕಲಿಸುವುದು. ಎರಡನೆಯದು, ಕಲಿತದ್ದನ್ನು ಬೇಕಾದ ಹೊತ್ತಿಗೆ ಮಾಡಿಸುವುದು. ಇದಕ್ಕೆ ಆಟಗಾರರು ಹ್ಯಾಂಡಲ್ ಅಂತಾರೆ, ಮುಟ್ಟಬೇಕಾದ ಅಂಕ 10. ಮೂರನೆಯದು, ಕಲಿಯದೆ ಇದ್ದದ್ದನ್ನು ಒತ್ತಾಯದಿಂದ ಮಾಡಿಸುವುದು. ಅದು ಪುಶ್. ಅದಕ್ಕೆ 25 ಬೇಕು. ಪ್ರಾಣಿಗೆ ಪೆಟ್ಟಾಗಿದ್ದರೆ ಹ್ಯಾಂಡಲ್‌ಗೂ ಪುಶ್‌ಗೂ ಇನ್ನೆರಡು ಏರುತ್ತದೆ.

ನಿಮ್ಮ ಅಂಕಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ರ‍್ಯಾಂಕ್ 7, ಕರಿಷ್ಮಾ 12 ಇರುವುದಕ್ಕೆ 1. ಸ್ವಂತ ಸಂಗಾತಿ ಪ್ರಾಣಿಯ ಜೊತೆ ಇರುವ ನಂಟಿಗೆ ಪುಸ್ತಕ ಇನ್ನೂ 4 ಕೊಡುತ್ತದೆ. ಒಟ್ಟು 12. ದಾಳದಲ್ಲಿ 1 ಬಿದ್ದರೂ 13 ಆಗುತ್ತದೆ, ಕೌಶಲದ ದಾಳಕ್ಕೆ 1 ಬಿದ್ದರೆ ತಾನಾಗಿ ಸೋಲು ಅನ್ನೋ ನಿಯಮ ಇಲ್ಲ. ಅಂದರೆ ಕಲಿತ ಕೆಲಸವನ್ನು ನಿಮ್ಮ ತೋಳ ಯಾವತ್ತೂ ಇಲ್ಲ ಅನ್ನುವುದಿಲ್ಲ, ಪೆಟ್ಟು ತಿಂದು ರಕ್ತ ಸೋರುತ್ತಿದ್ದರೂ ಅನ್ನುವುದಿಲ್ಲ. ಕಳ್ಳರ ಮೇಲೆ ಒಂದೇ ಮಾತಿಗೆ ಹಾರಿದ್ದು ಇದರಿಂದ. ಅಲ್ಲಿ ದಾಳ ಹಾಕಿಸುವ ಅಗತ್ಯವೇ ಇರಲಿಲ್ಲ. ಪುಶ್‌ಗೆ ಬಂದರೆ ಚಿತ್ರ ಬದಲಾಗುತ್ತದೆ. 25 ಮುಟ್ಟಲು ದಾಳದಲ್ಲಿ 13 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. ಅದು ನೂರಕ್ಕೆ 40ರ ಅವಕಾಶ. ತೋಳಕ್ಕೆ ಗಾಯ ಆಗಿದ್ದರೆ 15 ಬೀಳಬೇಕು, ಅವಕಾಶ 30ಕ್ಕೆ ಇಳಿಯುತ್ತದೆ. ನಿಮಗೆ ಬಿದ್ದದ್ದು 9, ಕೂಡಿದರೆ 21. ಸಾಲಲಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಸ್ವಂತ ಸಂಗಾತಿಗೆ ಹ್ಯಾಂಡಲ್ ಮಾಡುವುದಕ್ಕೆ ನಿಮ್ಮ ಸರದಿಯಲ್ಲಿ ಏನೂ ಖರ್ಚಾಗುವುದಿಲ್ಲ. ಬಾಣ ಬಿಡುತ್ತಲೇ ಹೇಳಬಹುದು. ಪುಶ್‌ಗೆ ಒಂದು ಮೂವ್ ಆ್ಯಕ್ಷನ್, ಅಂದರೆ ಸರದಿಯಲ್ಲಿ ನಡೆದಾಡಲು ಸಿಗುವ ಪಾಲು, ಹೋಗುತ್ತದೆ. ಬೇರೆಯವರ ನಾಯಿಯನ್ನು ಪುಶ್ ಮಾಡಲು ಹೊರಟರೆ ಇಡೀ ಸರದಿಯೇ ಹೋಗುತ್ತದೆ.

ಹಾಗಾದರೆ ಕಲಿಸುವುದು ಎಷ್ಟು ಕಷ್ಟ? ನನಗೆ ಈ ನಿಯಮದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅಟ್ಯಾಕ್ ಕಲಿಸಲು ಮುಟ್ಟಬೇಕಾದ ಅಂಕ 20. ಬಿಡುವಿನಲ್ಲಿ, ಯಾವ ಅಪಾಯವೂ ಇಲ್ಲದಾಗ, ದಾಳ ಹಾಕದೆ 10 ಬಿತ್ತು ಅಂತ ತೆಗೆದುಕೊಳ್ಳಬಹುದು. 10ಕ್ಕೆ 12 ಕೂಡಿದರೆ 22. ಕಲಿಸಿದ್ದು ಖಂಡಿತ ಕೈಹತ್ತುತ್ತದೆ. ಕೋಟೆಯೊಳಗೆ ಅಸ್ಥಿಪಂಜರ ಎದುರಿಗೆ ನಿಂತಾಗ ನೂರಕ್ಕೆ 40 ಇದ್ದ ಕೆಲಸ, ಊರಲ್ಲಿ ಕೂತು ಮಾಡಿದರೆ ನೂರಕ್ಕೆ ನೂರು. ಕೊಡಬೇಕಾದ್ದು ಸಮಯ ಮಾತ್ರ: ಒಂದು ಟ್ರಿಕ್‌ಗೆ ಒಂದು ವಾರ, ದಿನಕ್ಕೆ 3 ಗಂಟೆ. ಅರ್ಧ ಅವಧಿ ಕಳೆದ ಮೇಲೆ ಫಲ ನೋಡಬೇಕು, ಆಮೇಲೆ ಉಳಿದ ಅರ್ಧ ಮುಗಿಸಬೇಕು. ನಡುವೆ ಬಿಟ್ಟು ಎದ್ದು ಹೋದರೆ ಅಷ್ಟೂ ನೀರುಪಾಲು.

ಈ ವಾರವನ್ನು ಡಿಎಂ ಹತ್ತಿರ ಕೇಳಿ ತೆಗೆದುಕೊಳ್ಳಿ. ನಮ್ಮಲ್ಲಿ ಬಹಳ ಗುಂಪುಗಳು ಒಂದು ಗವಿ ಮುಗಿದ ಕೂಡಲೇ ಮುಂದಿನ ಗವಿಗೆ ಓಡುತ್ತವೆ. ನಡುವಿನ ದಿನಗಳನ್ನು ಯಾರೂ ಆಡುವುದೇ ಇಲ್ಲ. ಮಂತ್ರವಾದಿ ತನ್ನ ಪುಸ್ತಕಕ್ಕೆ ಹೊಸ ಮಂತ್ರ ಬರೆದುಕೊಳ್ಳುವ ದಿನಗಳಲ್ಲಿ, ಕಮ್ಮಾರ ರಕ್ಷಾಕವಚ ಬಡಿಯುವ ದಿನಗಳಲ್ಲಿ, ನೀವು ತೋಳದ ಜೊತೆ ಕುರುಚಲು ಕಾಡಿಗೆ ಹೋಗಿ. ಆ ದೃಶ್ಯವನ್ನು ಸುಮ್ನೆ ಒಂದು ಸಾಲಿನಲ್ಲಿ ದಾಟಿಸಬೇಡಿ. ನಿಮ್ಮ ತಾಲ್ಲೂಕಿನ ಬಂಕಾಪುರದಲ್ಲೇ ತೋಳಧಾಮ ಇದೆ. ಬಯಲು, ಮುಳ್ಳುಪೊದೆ, ಕಲ್ಲುಗುಡ್ಡ, ದೂರದಲ್ಲಿ ಕುರಿಹಿಂಡು. ತೋಳ ಎಂಥ ಜಾಗದಲ್ಲಿ ಬದುಕುತ್ತದೆ ಅಂತ ನಿಮ್ಮ ಡಿಎಂಗೆ ಹೊರಗಿನಿಂದ ಯಾರೂ ಹೇಳಬೇಕಿಲ್ಲ. ಅಲ್ಲಿನ ಒಂದು ಬೆಳಗ್ಗೆಯನ್ನು ಮೇಜಿನ ಮೇಲೆ ತನ್ನಿ. ಹಳೇ ಎಲುಬುಗಳನ್ನು ಹುರಿಯಲ್ಲಿ ಕಟ್ಟಿ ಎಳೆದಾಡಿಸಿ, ಅದರ ವಾಸನೆ ಹಿಡಿಸಿ, ಸದ್ದಿಗೆ ಹೆದರದ ಹಾಗೆ ಮಾಡಿ. ಹಾಗೆ ಆಡಿದವರಿಗೆ ಆ ತೋಳ ಕಾಗದದ ಮೇಲಿನ ಅಂಕಿಯಾಗಿ ಉಳಿಯುವುದಿಲ್ಲ.

ಈ ಕಲಿಕೆಗೆ ಒಂದು ವಾರ ಕೊಡುವುದು ನಿಮಗಂತೂ ಲಾಭವೇ. ಅಸ್ಥಿಪಂಜರಕ್ಕೆ ಕತ್ತಿಯಿಂದ, ಬಾಣದಿಂದ ಹೊಡೆದರೆ ಪ್ರತಿ ಪೆಟ್ಟಿನಿಂದ 5 ಕಳೆದುಹೋಗುತ್ತದೆ, ಗದೆಯಂಥ ಮೊಂಡು ಆಯುಧ ಮಾತ್ರ ಪೂರ್ತಿ ತಾಗುತ್ತದೆ. ಪ್ರಾಣಿಯ ಕಚ್ಚು ಈ ಆವೃತ್ತಿಯಲ್ಲಿ ಚುಚ್ಚುವ, ಕೊಯ್ಯುವ, ಜಜ್ಜುವ ಮೂರೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಆ ಕೋಟೆಯಲ್ಲಿ ನಿಮ್ಮ ಬಿಲ್ಲಿಗಿಂತ ತೋಳದ ದವಡೆಯೇ ಹೆಚ್ಚು ಕೆಲಸಕ್ಕೆ ಬರುತ್ತಿತ್ತು.

ಎಷ್ಟು ಟ್ರಿಕ್ ಕಲಿಸಬಹುದು ಅನ್ನುವುದು ಪ್ರಾಣಿಯ ಬುದ್ಧಿ ಅಂಕದ ಮೇಲೆ ನಿಂತಿದೆ. ಬುದ್ಧಿ 1 ಇದ್ದರೆ ಮೂರು, 2 ಇದ್ದರೆ ಆರು. ತೋಳಕ್ಕೆ 2 ಇದೆ. ಇದರ ಮೇಲೆ ಸಂಗಾತಿ ಪ್ರಾಣಿಗೆ ಕಲಿಸದೆಯೇ ಬರುವ ಟ್ರಿಕ್‌ಗಳೂ ಇವೆ. ಅವಕ್ಕೆ ದಾಳವೂ ಬೇಡ, ವಾರವೂ ಬೇಡ. ಈ ಲೆಕ್ಕದಲ್ಲಿ ರೇಂಜರ್‌ನ ಲೆವೆಲ್ ಅರ್ಧ ಅಂತ ಹಿಡಿಯಬೇಕು, ಹಾಗಾಗಿ ಈಗ ನಿಮಗೆ ಅಂಥದ್ದು ಒಂದು. 6ನೇ ಲೆವೆಲ್‌ಗೆ ಎರಡನೆಯದು ಸಿಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅಟ್ಯಾಕ್‌ಗೆ ಎರಡು ಕೊಟ್ಟ ಮೇಲೆ ಮೊದಲು ಕಲಿಸುವುದು ಡೌನ್, ಅಂದರೆ ಹೇಳಿದ ಕೂಡಲೇ ಜಗಳ ಬಿಟ್ಟು ಹಿಂದೆ ಸರಿಯುವುದು. ಜನ ಇದನ್ನು ಬಿಟ್ಟೇಬಿಡುತ್ತಾರೆ. ಡೌನ್ ಗೊತ್ತಿಲ್ಲದ ಪ್ರಾಣಿ ಜಗಳ ಶುರುವಾದರೆ ಎದುರಾಳಿ ಬೀಳುವವರೆಗೆ, ಇಲ್ಲವೇ ತಾನೇ ಹೆದರಿ ಅಥವಾ ಗಾಯದಿಂದ ಓಡುವವರೆಗೆ ಬಿಡುವುದಿಲ್ಲ. ಬಳ್ಳಾರಿಯ ನಮ್ಮ ಗುಂಪಿನಲ್ಲಿ ಒಮ್ಮೆ ದರೋಡೆಕೋರರ ನಾಯಕ ಕತ್ತಿ ಕೆಳಗಿಟ್ಟು ಕೈ ಎತ್ತಿದ. ಕಾಣೆಯಾದ ಹುಡುಗಿ ಎಲ್ಲಿದ್ದಾಳೆ ಅಂತ ಗೊತ್ತಿದ್ದವನು ಅವನೊಬ್ಬನೇ. ಪ್ರಕೃತಿಯ ಮಂತ್ರ ಬಲ್ಲ ನಮ್ಮ ಡ್ರೂಯಿಡ್‌ನ ತೋಳಕ್ಕೆ ಅಟ್ಯಾಕ್ ಬರುತ್ತಿತ್ತು, ಡೌನ್ ಬರುತ್ತಿರಲಿಲ್ಲ. ‘ನಿಂದ್ರು! ನಿಂದ್ರು!’ ಅಂತ ಮೇಜಿನ ಮೇಲೆ ಎಲ್ಲರೂ ಕೂಗಿದರು. ಪುಶ್‌ಗೆ ದಾಳ ಉರುಳಿತು, ಸಾಲಲಿಲ್ಲ. ನಾಯಕ ಬಾಯಿ ಬಿಡುವ ಮೊದಲೇ ಸತ್ತ. ಆ ಕಥೆ ಆಮೇಲೆ ಬೇರೆಯೇ ದಾರಿ ಹಿಡಿಯಿತು, ಒಳ್ಳೇ ಕಥೆಯೂ ಆಯಿತು. ಆದರೆ ಆ ಕ್ಷಣದ ಸಂಕಟ ಇನ್ನೂ ನೆನಪಿದೆ.

ಡೌನ್ ಆದ ಮೇಲೆ ಡಿಫೆಂಡ್. ನೀವು ಪ್ರಜ್ಞೆ ತಪ್ಪಿ ಬಿದ್ದಿದ್ದರೂ, ಯಾರೂ ಹೇಳದಿದ್ದರೂ, ತೋಳ ನಿಮ್ಮ ಕಾವಲಿಗೆ ನಿಲ್ಲುವುದು ಈ ಟ್ರಿಕ್‌ನಿಂದ. ಕಮ್ (ಕರೆದರೆ ಬರುವುದು), ಟ್ರ್ಯಾಕ್ (ವಾಸನೆ ಹಿಡಿದು ಹೋಗುವುದು) ಇವೆರಡೂ ರೇಂಜರ್‌ಗೆ ದಿನಬಳಕೆಯವು. ಉಳಿದದ್ದು ನಿಮ್ಮ ಕಥೆ ಕೇಳಿದ ಹಾಗೆ. ಕಲಿತ ಟ್ರಿಕ್‌ಗಳ ಹೆಸರನ್ನು ಕ್ಯಾರೆಕ್ಟರ್ ಶೀಟ್‌ನ ಮೇಲ್ಭಾಗದಲ್ಲೇ ಬರೆದಿಡಿ, ಡಿಎಂ ಕೈಗೂ ಒಂದು ಪ್ರತಿ ಕೊಡಿ. ಮೇಜಿನ ಮೇಲಿನ ಅರ್ಧ ವಾದ ಅಲ್ಲೇ ನಿಂತುಹೋಗುತ್ತದೆ.

ಕೆಲವು ಗೊಂದಲಗಳನ್ನು ಬೇಗ ಬಗೆಹರಿಸಿಬಿಡುತ್ತೇನೆ. ರೇಂಜರ್‌ಗಿರುವ ವೈಲ್ಡ್ ಎಂಪಥಿ ಕಾಡುಪ್ರಾಣಿಯ ಸಿಟ್ಟು ಇಳಿಸುತ್ತದೆ, ಸ್ನೇಹ ಹುಟ್ಟಿಸುತ್ತದೆ, ಆಜ್ಞೆ ಪಾಲಿಸುವಂತೆ ಮಾಡುವುದಿಲ್ಲ. ಪ್ರಾಣಿಗಳ ಜೊತೆ ಮಾತಾಡುವ ಮಂತ್ರವೂ ಅಷ್ಟೇ: ನಿಮ್ಮ ಮಾತು ಅದಕ್ಕೆ ತಿಳಿಯುತ್ತದೆ, ಒಪ್ಪುವುದು ಬಿಡುವುದು ಅದಕ್ಕೆ ಬಿಟ್ಟದ್ದು.

ನಿಮ್ಮ ಗೊಂದಲಕ್ಕೆ ಇನ್ನೊಂದು ಕಾರಣ ಇರಬಹುದು. ಆನ್‌ಲೈನ್‌ನಲ್ಲಿ ನೋಡುವ ಆಟಗಳು ಹೆಚ್ಚಾಗಿ 5ನೇ ಆವೃತ್ತಿಯವು. 2014ರ ಆ ನಿಯಮದಲ್ಲಿ ಬೀಸ್ಟ್ ಮಾಸ್ಟರ್ (ಪ್ರಾಣಿ ಸಂಗಾತಿಯ) ರೇಂಜರ್‌ನ ಪ್ರಾಣಿ ಮಾತು ಕೇಳುತ್ತದೋ ಇಲ್ಲವೋ ಅನ್ನೋ ದಾಳವೇ ಇಲ್ಲ. ಅಲ್ಲಿ ಬೆಲೆ ಕಟ್ಟುವುದು ಬೇರೆ ರೀತಿ: ಪ್ರಾಣಿ ಕಚ್ಚಬೇಕಾದರೆ ನಿಮ್ಮ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ) ಬಿಟ್ಟುಕೊಡಬೇಕು. ಇದು ದುಬಾರಿ ಅಂತ ಆಟಗಾರರು ತುಂಬಾ ದೂರಿದರು. 2020ರಲ್ಲಿ ಬಂದ ಪೂರಕ ಪುಸ್ತಕದಲ್ಲಿ ಅದನ್ನು ಸರದಿಯಲ್ಲಿ ಸಿಗುವ ಚಿಕ್ಕ ಕೆಲಸಕ್ಕೆ, ಅಂದರೆ ಬೋನಸ್ ಆ್ಯಕ್ಷನ್‌ಗೆ ಇಳಿಸಿದರು, 2024ರ ಹೊಸ ಪುಸ್ತಕದಲ್ಲೂ ಅದು ಉಳಿದಿದೆ. ಆಟ ಸಲೀಸಾಯಿತು ನಿಜ. ಆದರೆ 2003ರ 3.5ರಲ್ಲಿ ಪ್ರಾಣಿಗೆ ಗೊತ್ತಿರುವುದು, ಗೊತ್ತಿಲ್ಲದಿರುವುದು ಅಂತ ಒಂದು ಇತ್ತಲ್ಲ, ಅದು ಹೋಯಿತು. ನನ್ನ ಒಲವು ಹಳೆಯದರ ಕಡೆಗೇ.

ಕೊನೆಗೆ, ನೀವು ಕೇಳದಿದ್ದರೂ ಮುಂದೆ ಕೇಳುವ ಪ್ರಶ್ನೆ. ತೋಳ ಸಾಕು, ಅದ್ಭುತ ಜೀವಿಯನ್ನೇ ಪಳಗಿಸಬೇಕು ಅನ್ನಿಸಿದರೆ? ಬುದ್ಧಿ 1 ಅಥವಾ 2 ಇದ್ದು ಸಾಮಾನ್ಯ ಪ್ರಾಣಿ ಅಲ್ಲದ ಜೀವಿಗೂ ಇದೇ ಕೌಶಲ ನಡೆಯುತ್ತದೆ, ಪ್ರತಿಯೊಂದು ಅಂಕಕ್ಕೂ 5 ಸೇರಿಸಿಕೊಳ್ಳಬೇಕು. ಗೂಬೆಯ ತಲೆ, ಕರಡಿಯ ಮೈ ಇರುವ ಔಲ್‌ಬೇರ್ ಇಂಥದ್ದು. ಅದು ನಿಮ್ಮ ನಂಟಿನ ಸಂಗಾತಿ ಅಲ್ಲವಾದ್ದರಿಂದ ಆ 4 ಸಿಗುವುದಿಲ್ಲ, ನಿಮ್ಮ ಕೈಯಲ್ಲಿ 8 ಮಾತ್ರ. ಅಟ್ಯಾಕ್ ಕಲಿಸಲು 25 ಬೇಕು. ದಾಳದಲ್ಲಿ 17 ಬೀಳಬೇಕು.

ಬುದ್ಧಿ 3 ಮುಟ್ಟಿತು ಅಂದರೆ ಟ್ರಿಕ್‌ಗಳ ಲೆಕ್ಕವೇ ಮುಗಿಯಿತು. ಅದು ಸ್ವಂತ ಇಷ್ಟಾನಿಷ್ಟ ಇರುವ ಜೀವ. ಹದ್ದಿನ ತಲೆಯ ಗ್ರಿಫಿನ್‌ಗೆ ಬುದ್ಧಿ 5. ಅದರ ಬೆನ್ನೇರಿ ಕಾದಾಡಬೇಕಾದರೆ ಮೊದಲು ಅದು ನಿಮ್ಮನ್ನು ಸ್ನೇಹಿತ ಅಂತ ಒಪ್ಪಬೇಕು. ಅದಕ್ಕೆ ಮಾತಿನಲ್ಲಿ ಒಲಿಸುವ ಡಿಪ್ಲೊಮಸಿ ಕೌಶಲ. ಒಪ್ಪಿದ ಮೇಲೆ ಆರು ವಾರದ ತರಬೇತಿ, ಅಂಕ 25, ಜೊತೆಗೆ ಅದಕ್ಕೆಂದೇ ಹೊಲಿಸಿದ ಜೀನು.

ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿಯ ಕಂಬಗಳಲ್ಲಿ ಯಾಳಿಯ ಮೇಲೆ ಕೂತ ಸವಾರರಿದ್ದಾರೆ. ನಮ್ಮ ಕಡೆಯ ಆಟಗಾರರು ಒಂದಲ್ಲ ಒಂದು ದಿನ ಅದನ್ನೇ ಕೇಳುತ್ತಾರೆ. ಪುಸ್ತಕದಲ್ಲಿ ಯಾಳಿ ಇಲ್ಲ, ಡಿಎಂ ತಾವೇ ಬರೆಯಬೇಕು. ಬರೆಯುವಾಗ ಅದರ ಬಲ, ಉಗುರು, ಸೊಂಡಿಲು ಎಲ್ಲಕ್ಕಿಂತ ಮೊದಲು ಬುದ್ಧಿ ಅಂಕ ನಿಗದಿ ಮಾಡಿಸಿಕೊಳ್ಳಿ. 2 ಅಂದರೆ ಎಲುಬು, ಹುರಿ, ವಾರಗಟ್ಟಲೆ ಬಯಲು. 3 ಅಂದರೆ ಕೈಮುಗಿದು ಮಾತಿಗೆ ಕೂರಬೇಕು, ಅದು ಏನು ಕೇಳುತ್ತದೋ ಅದನ್ನು ಕೊಡಲು ಸಿದ್ಧರಾಗಿರಬೇಕು.