ಆರು ಸಾವಿರ ಮೀಟರ್ ಎತ್ತರದಲ್ಲಿ ಎಷ್ಟು ಕಿಲೋ?

ಸಿಯಾಚಿನ್‌ನ ತುತ್ತತುದಿಯ ಠಾಣೆಗಳಿಗೆ ಚೀತಾ ಹೆಲಿಕಾಪ್ಟರ್ ಒಂದು ಸಲಕ್ಕೆ ಹೊತ್ತೊಯ್ಯುವುದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಕಿಲೋ ಸಾಮಾನು. ಒಂದು ಜೆರಿಕ್ಯಾನ್ ಸೀಮೆಎಣ್ಣೆ ಅಂದುಕೊಳ್ಳಿ. ಇಳಿಸೋಕೆ ಸಿಗುವ ಸಮಯ ಒಂದು ನಿಮಿಷವೂ ಇಲ್ಲ. ಎಂಜಿನ್ ಆರಿಸುವಂತಿಲ್ಲ. ಆ ಚಳಿಯಲ್ಲಿ, ಆ ತೆಳು ಗಾಳಿಯಲ್ಲಿ ಅದು ಮತ್ತೆ ಹೊತ್ತಿಕೊಳ್ಳುತ್ತದೆ ಅನ್ನೋ ಭರವಸೆ ಇಲ್ಲ. ಇದೇ ಯಂತ್ರ ಬಯಲಿನಲ್ಲಿ ಪೈಲಟ್ ಜೊತೆ ನಾಲ್ಕು ಜನರನ್ನು ಕೂರಿಸಿಕೊಂಡು ಆರಾಮಾಗಿ ಏಳುತ್ತದೆ.

ಈ ಎತ್ತರ ಎಂಥದ್ದು ಅಂತ ಕರ್ನಾಟಕದವರಿಗೆ ನೆನಪಿರಬೇಕು. 2016ರ ಫೆಬ್ರವರಿಯಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿಯಿತು. ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದರು. ಆಮೇಲೂ ಜೀವಂತವಾಗಿ ಸಿಕ್ಕರು. ಅವರನ್ನು ಅಲ್ಲಿಂದ ಕೆಳಗೆ ತಂದದ್ದು ಹೆಲಿಕಾಪ್ಟರ್. ಅಂಥ ಠಾಣೆಗಳಿಗೆ ಬೇರೆ ವಾಹನವೇ ಇಲ್ಲ. ಹಾಗಾಗಿ ಸೇನೆಗೆ ಯಾವ ಹಗುರ ಹೆಲಿಕಾಪ್ಟರ್ ತರಬೇಕು ಅನ್ನೋದು ಬರೀ ಖರೀದಿಯ ಮಾತಲ್ಲ. ಮೇಲೆ ಕೂತಿರುವವರ ಊಟ, ಬೆಂಕಿ, ಪ್ರಾಣ ಎಲ್ಲ ಅದರ ಮೇಲೆ ನಿಂತಿದೆ.

ಮೊದಲು ಗಾಳಿಯ ಲೆಕ್ಕ ನೋಡೋಣ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.22 ಕಿಲೋ ತೂಗುತ್ತದೆ. 6,000 ಮೀಟರ್ ಎತ್ತರದಲ್ಲಿ ಅದು 0.66 ಕಿಲೋ. ಹೆಚ್ಚುಕಡಿಮೆ ಅರ್ಧ. ಹೆಲಿಕಾಪ್ಟರ್ ಮೇಲೆ ನಿಲ್ಲುವುದೇ ಗಾಳಿಯನ್ನು ಕೆಳಕ್ಕೆ ತಳ್ಳಿ. ಗಾಳಿ ತೆಳುವಾದರೆ ಅದೇ ತೂಕ ಹಿಡಿದಿಡೋಕೆ ಇನ್ನೂ ಜೋರಾಗಿ ತಳ್ಳಬೇಕು. ಮೂರು ಟನ್ ತೂಕದ, ಹನ್ನೊಂದೂವರೆ ಮೀಟರ್ ಅಗಲದ ರೋಟರ್ (ಮೇಲೆ ತಿರುಗುವ ರೆಕ್ಕೆ) ಇರುವ ಒಂದು ಹೆಲಿಕಾಪ್ಟರ್ ತಗೊಳ್ಳಿ. ಸಮುದ್ರ ಮಟ್ಟದಲ್ಲಿ ಅದು ಒಂದೇ ಕಡೆ ತೇಲಿ ನಿಲ್ಲಬೇಕಾದರೆ ರೋಟರ್ ಮೂಲಕ ಗಾಳಿ ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿ ಇಳಿಯಬೇಕು. ಆರು ಸಾವಿರ ಮೀಟರ್‌ನಲ್ಲಿ ಆ ವೇಗ ಹದಿನಾಲ್ಕೂವರೆ ದಾಟುತ್ತದೆ. ಹೀಗೆ ತಳ್ಳೋಕೆ ಬೇಕಾದ ಶಕ್ತಿ ಮೂರನೇ ಒಂದಕ್ಕಿಂತ ಜಾಸ್ತಿ ಏರುತ್ತದೆ. ಎಂಜಿನ್ನೂ ಉಸಿರಾಡುವುದು ಅದೇ ತೆಳು ಗಾಳಿಯನ್ನೇ. ಹಾಗಾಗಿ ಅದು ಕೊಡುವ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಖರ್ಚು ಏರಿತು, ಆದಾಯ ಇಳಿಯಿತು.

ರೋಟರನ್ನು ಇನ್ನೂ ಜೋರಾಗಿ ತಿರುಗಿಸಿದರೆ ಆಗಲ್ವಾ? ಆಗಲ್ಲ. ತಣ್ಣನೆ ಗಾಳಿಯಲ್ಲಿ ಶಬ್ದದ ವೇಗವೇ ಕಡಿಮೆ. ಮುಂದಕ್ಕೆ ಹೋಗುವಾಗ ಬ್ಲೇಡಿನ ತುದಿ ಆ ವೇಗದ ಹತ್ತಿರ ಹೋದರೆ ಎಳೆತ ಒಮ್ಮೆಲೇ ಏರುತ್ತದೆ. ಬ್ಲೇಡನ್ನು ಜಾಸ್ತಿ ಓರೆ ಮಾಡಿದರೆ? ಅದಕ್ಕೂ ಮಿತಿ ಇದೆ. ಆ ಮಿತಿ ದಾಟಿದರೆ ಗಾಳಿ ಬ್ಲೇಡಿನ ಮೈ ಬಿಟ್ಟು ಹೋಗಿ ಎತ್ತುವ ಬಲವೇ ಕುಸಿಯುತ್ತದೆ. ಹಾಗಾಗಿ ಉಳಿಯುವ ದಾರಿ ಎರಡೇ. ತೂಕಕ್ಕೆ ಹೋಲಿಸಿದರೆ ದೊಡ್ಡ ರೋಟರ್ ಇರಬೇಕು. ಕೆಳಗೆ ಅಗತ್ಯಕ್ಕಿಂತ ತುಂಬಾ ದೊಡ್ಡದು ಅನ್ನಿಸುವ ಎಂಜಿನ್ ಇರಬೇಕು.

ಚೀತಾ ಇಷ್ಟು ವರ್ಷ ಬಾಳಿದ್ದರ ಗುಟ್ಟು ಇಲ್ಲೇ ಇದೆ. ಇದರ ಮೂಲ ಫ್ರಾನ್ಸ್‌ನ ಲಾಮಾ. ಭಾರತದ ಸೇನೆಗೆ ಹಿಮಾಲಯದಲ್ಲಿ ಹಾರುವ ಯಂತ್ರ ಬೇಕು ಅಂತಲೇ ಅದನ್ನು ರೂಪಿಸಿದರು. ಮೊದಲು ಹಾರಿದ್ದು 1969ರ ಮಾರ್ಚ್‌ನಲ್ಲಿ. ಹಳೆಯ, ಹಗುರ ಮೈಯ ಅಲುಯೆಟ್-2 ಹೆಲಿಕಾಪ್ಟರಿಗೆ ಅದಕ್ಕಿಂತ ದೊಡ್ಡದಾದ ಅಲುಯೆಟ್-3ರ ಎಂಜಿನ್, ರೋಟರ್ ಜೋಡಿಸಿದರು. ಆ ಆರ್ಟೂಸ್ಟ್ ಎಂಜಿನ್‌ಗೆ 870 ಅಶ್ವಶಕ್ತಿ ಕೊಡುವ ತಾಕತ್ತು ಇದೆ. ಆದರೆ ಹೆಲಿಕಾಪ್ಟರ್ ಬಳಸುವುದು 550 ಮಾತ್ರ. ಉಳಿದದ್ದು ಸುಮ್ನೆ ಹಾಳಾಗುತ್ತಿದೆ ಅಂತ ಕೆಳಗೆ ನಿಂತು ನೋಡುವವರಿಗೆ ಅನ್ನಿಸಬಹುದು. ಮೇಲೇರುತ್ತಾ 870 ಕರಗುತ್ತಾ ಬರುತ್ತದೆ. ಆದರೂ ಸುಮಾರು ನಾಲ್ಕು ಸಾವಿರ ಮೀಟರ್‌ವರೆಗೆ ಆ 550 ಕೈಬಿಡುವುದಿಲ್ಲ. ಬೇರೆ ಯಂತ್ರಗಳು ಅಷ್ಟರಲ್ಲಿ ಏದುಸಿರು ಬಿಡುತ್ತಿರುತ್ತವೆ.

ರೋಟರ್ ಲೆಕ್ಕವೂ ಹಾಗೇ. 1,950 ಕಿಲೋ ತೂಕಕ್ಕೆ 11 ಮೀಟರ್ ರೋಟರ್. ರೋಟರ್ ತಿರುಗುವ ವೃತ್ತದ ಒಂದು ಚದರ ಮೀಟರ್ ಹೊರಬೇಕಾದ ಭಾರ 20 ಕಿಲೋ ಅಷ್ಟೇ. ಎಚ್‌ಎಎಲ್‌ನ ಐದೂವರೆ ಟನ್ ಧ್ರುವ್ ಹೆಲಿಕಾಪ್ಟರ್‌ನಲ್ಲಿ ಇದು 40ರ ಹತ್ತಿರ ಬರುತ್ತದೆ. ಧ್ರುವ್ ಆ ಭಾರವನ್ನು ‘ಶಕ್ತಿ’ ಹೆಸರಿನ ಎರಡು ಬಲವಾದ ಎಂಜಿನ್‌ಗಳಿಂದ ಸರಿದೂಗಿಸುತ್ತದೆ.

1972ರಲ್ಲಿ ಜೀನ್ ಬೂಲೆ ಅನ್ನೋ ಪೈಲಟ್ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ಇಳಿಯೋಕೆ ಶುರು ಮಾಡುತ್ತಿದ್ದಂತೆ ಎಂಜಿನ್ ಆರಿಹೋಯಿತು. ಬರೀ ಗಾಳಿಗೆ ತಿರುಗುವ ರೋಟರ್ ನಂಬಿಕೊಂಡು ಅಷ್ಟೂ ಎತ್ತರದಿಂದ ನೆಲಕ್ಕೆ ಬಂದರು. 2005ರ ಮೇ 14ರಂದು ದಿದಿಯೆ ದೆಲ್ಸಾಲ್ ಎಎಸ್350 ಬಿ3 ಹೆಲಿಕಾಪ್ಟರನ್ನು ಎವರೆಸ್ಟ್ ತುದಿಯಲ್ಲೇ ಇಳಿಸಿದರು. ಎರಡೂ ದೊಡ್ಡ ಸಾಹಸಗಳು. ಆದರೆ ಖರೀದಿ ಮಾಡುವವರು ಈ ಅಂಕಿ ನೋಡಿ ಮರುಳಾಗಬಾರದು. ದಾಖಲೆಯ ಹಾರಾಟಕ್ಕೆ ಬೇಡದ್ದನ್ನೆಲ್ಲ ಕಳಚಿ, ಅನುಕೂಲದ ಗಾಳಿ ನೋಡಿ, ಒಬ್ಬರೇ ಹೋಗಬಹುದು. ಸೇನೆಯ ಪೈಲಟ್‌ಗೆ ಆ ಆಯ್ಕೆ ಇಲ್ಲ. ಇಬ್ಬರು ಪೈಲಟ್, ಆಮ್ಲಜನಕ, ರೇಡಿಯೊ, ಬದುಕುಳಿಯುವ ಸಾಮಾನು, ವಾಪಸ್ ಬರೋಕೆ ಇಂಧನ, ಇವೆಲ್ಲ ಹತ್ತಿದ ಮೇಲೆ ಉಳಿದದ್ದೇ ಹೊರುವ ಭಾರ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಎಷ್ಟು ಎತ್ತರ ಹಾರುತ್ತದೆ ಅನ್ನೋದಲ್ಲ. ಆ ಎತ್ತರದಲ್ಲಿ, ನೆಲದ ಆಸರೆ ಇಲ್ಲದೆ, ಎಷ್ಟು ಭಾರ ಹೊತ್ತು ತೇಲಿ ನಿಲ್ಲುತ್ತದೆ ಅನ್ನೋದು. ನೆಲದ ಆಸರೆ ಅಂದೆ ಅಲ್ವಾ, ಅದು ತುಂಬಾ ಮುಖ್ಯ. ನೆಲದ ಹತ್ತಿರ ತೇಲುವಾಗ ರೋಟರ್‌ನ ಗಾಳಿ ಕೆಳಗೆ ಹರಿಯೋಕೆ ಪೂರ್ತಿ ಜಾಗ ಸಿಗುವುದಿಲ್ಲ, ಅದರಿಂದ ಸ್ವಲ್ಪ ಶಕ್ತಿ ಉಳಿಯುತ್ತದೆ. ದೊಡ್ಡ ಮೈದಾನದಲ್ಲಿ ಇದು ನಿಜವಾದ ಸಹಾಯ. ಆದರೆ ಗುಡ್ಡದ ಏಣಿನ ಮೇಲಿನ ಹೆಲಿಪ್ಯಾಡ್ ರೋಟರ್‌ಗಿಂತಲೂ ಚಿಕ್ಕದಿರಬಹುದು. ಅಂಚು ದಾಟಿದರೆ ಕೆಳಗೆ ನೂರಾರು ಮೀಟರ್ ಪ್ರಪಾತ. ಆಸರೆ ಆ ಕ್ಷಣಕ್ಕೆ ಮಾಯ. ನೆಲದ ಆಸರೆ ನಂಬಿ ಭಾರ ಹೊರಿಸಿದ್ದರೆ ಪೈಲಟ್‌ಗೆ ಅದು ಗೊತ್ತಾಗುವುದು ತಡವಾಗಿ.

ಬಿಸಿಲನ್ನೂ ಮರೆಯಬಾರದು. ಲಡಾಖ್‌ನ ದೌಲತ್ ಬೇಗ್ ಓಲ್ಡಿ ಇರುವುದು ಐದು ಸಾವಿರ ಮೀಟರ್‌ಗಿಂತ ಸ್ವಲ್ಪ ಮೇಲೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಅಲ್ಲಿ ಸುಮಾರು ಮೈನಸ್ 18 ಡಿಗ್ರಿ ಇರಬೇಕು. ಬೇಸಿಗೆಯ ಬಿಸಿಲಿಗೆ ಪ್ಲಸ್ 14 ಆಯಿತು ಅನ್ನಿ. ಗಾಳಿ ಹಿಗ್ಗಿ ಇನ್ನೂ ತೆಳುವಾಗುತ್ತದೆ. ರೋಟರ್ ಮಟ್ಟಿಗೆ ಆ ಜಾಗ ಆರು ಸಾವಿರ ಮೀಟರ್ ದಾಟಿದ ಹಾಗೆ. ನೆಲ ಇದ್ದಲ್ಲೇ ಇದೆ, ಹೆಲಿಕಾಪ್ಟರ್ ಮಾತ್ರ ಸಾವಿರ ಮೀಟರ್ ಮೇಲೆ ಹಾರುತ್ತಿದೆ. ಚಳಿಗಾಲದ ಬೆಳಿಗ್ಗೆ ಮಾಡಿದ ಪರೀಕ್ಷೆ ಸಾಲದು ಅನ್ನೋದು ಇದಕ್ಕೇ.

ಒಂದು ಎಂಜಿನ್ನೋ ಎರಡೋ ಅನ್ನೋ ವಾದ ಹಳೆಯದು. ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾರುತ್ತಾ ಮುಂದೆ ಹೋಗುವಾಗ ಅದು ಸರಿ, ತಗ್ಗಿನ ಕಣಿವೆಗೆ ಇಳಿದು ಬಚಾವಾಗಬಹುದು. ಆದರೆ ಆರು ಸಾವಿರ ಮೀಟರ್‌ನಲ್ಲಿ ತೇಲಿ ನಿಂತಿರುವಾಗ ಒಂದು ಎಂಜಿನ್ ಹೋದರೆ ಉಳಿದೊಂದು ಅಲ್ಲೇ ಎತ್ತಿ ಹಿಡಿಯಲಾರದು. ಎರಡನೇ ಎಂಜಿನ್‌ನ ತೂಕವನ್ನು ಮಾತ್ರ ಪ್ರತಿ ಹಾರಾಟದಲ್ಲೂ ಹೊರಬೇಕು. ಕೆಳಗಿನ ನೆಲೆಗಳಿಗೆ ಎರಡು ಎಂಜಿನ್, ತುತ್ತತುದಿಯ ಠಾಣೆಗೆ ಧಾರಾಳ ಶಕ್ತಿಯ ಒಂದೇ ಎಂಜಿನ್ ಸರಿ ಅಂತ ನನಗೆ ಅನ್ನಿಸುತ್ತದೆ.

ಆಯ್ಕೆಯ ಕಥೆ ಮಾತ್ರ ಬೇಸರ ತರಿಸುವಷ್ಟು ಉದ್ದವಾಯಿತು. ಚೀತಾ, ಚೇತಕ್ ಬದಲಿಗೆ 197 ಹೆಲಿಕಾಪ್ಟರ್ ಕೊಳ್ಳುವ ಟೆಂಡರ್ 2007ರಲ್ಲಿ ರದ್ದಾಯಿತು. ಮತ್ತೆ ಕರೆದದ್ದು 2014ರಲ್ಲಿ ರದ್ದಾಯಿತು. 2015ರಲ್ಲಿ ರಷ್ಯಾ ಜೊತೆ ಕಾಮೋವ್-226ಟಿ ಒಪ್ಪಂದ ಆಯಿತು, ಖರೀದಿ ಮುಂದೆ ಹೋಗಲಿಲ್ಲ. ಆ ಯಂತ್ರದಲ್ಲಿ ಒಂದರ ಮೇಲೊಂದು ಎರಡು ರೋಟರ್, ಎದುರುಬದುರು ತಿರುಗುತ್ತವೆ. ಬಾಲದ ರೋಟರ್ ಬೇಡ. ಶಕ್ತಿ ಪೂರ್ತಿ ಎತ್ತುವುದಕ್ಕೇ ಸಿಗುತ್ತದೆ. ಕಣಿವೆಯ ಅಡ್ಡಗಾಳಿಗೆ ಬಾಲ ತಿರುಗುವ ಕಾಟವೂ ಕಡಿಮೆ. ಅಷ್ಟೂ ವರ್ಷ ಪೈಲಟ್‌ಗಳು ಹಳೆಯ ಚೀತಾವನ್ನೇ ಹಾರಿಸುತ್ತಾ ಬಂದರು, ಕೆಲವರು ಪ್ರಾಣವನ್ನೂ ಕೊಟ್ಟರು. ಇದು ನೆನಪಾದಾಗ ಮನಸ್ಸು ಭಾರವಾಗುತ್ತದೆ.

ಈಗ ಆಸೆ ಇರುವುದು ಬೆಂಗಳೂರಿನ ಎಚ್‌ಎಎಲ್ ಮಾಡಿದ ಎಲ್‌ಯುಎಚ್ (ಲೈಟ್ ಯುಟಿಲಿಟಿ ಹೆಲಿಕಾಪ್ಟರ್) ಮೇಲೆ. 2016ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. 3,150 ಕಿಲೋ ತೂಕ, 11.6 ಮೀಟರ್ ರೋಟರ್, ಧ್ರುವ್‌ನ ಎಂಜಿನ್ ಕುಟುಂಬದ್ದೇ ಒಂದು ಎಂಜಿನ್. ಒಂದು ಚದರ ಮೀಟರ್‌ಗೆ 30 ಕಿಲೋ ಹತ್ತಿರದ ಭಾರ. ಚೀತಾದಷ್ಟು ಹಗುರವಲ್ಲ, ಆದರೆ ಎಂಜಿನ್‌ನ ಬಲ ತುಂಬಾ ಜಾಸ್ತಿ. 2020ರಲ್ಲಿ ಇದನ್ನು ದೌಲತ್ ಬೇಗ್ ಓಲ್ಡಿಯ ಬಿಸಿಲಲ್ಲಿ ತೇಲಿಸಿ ನೋಡಿದರು, ಸಿಯಾಚಿನ್‌ನ ಅತಿ ಎತ್ತರದ ಹೆಲಿಪ್ಯಾಡ್‌ಗಳಲ್ಲೂ ಇಳಿಸಿದರು. ತಯಾರಿಕೆಗೆಂದು ತುಮಕೂರು ಜಿಲ್ಲೆಯ ಗುಬ್ಬಿ ಹತ್ತಿರ 2023ರಲ್ಲಿ ಕಾರ್ಖಾನೆಯೂ ಶುರುವಾಯಿತು.

ಇಲ್ಲಿಂದ ಮುಂದೆ ಕಾಯಬೇಕಾದದ್ದು ತೂಕವನ್ನು. ಹೊಸ ಯಂತ್ರಕ್ಕೆ ಎಲ್ಲರೂ ಒಂದೊಂದು ಸೇರಿಸುತ್ತಾರೆ. ಒಬ್ಬರು ಕ್ಯಾಮೆರಾ, ಒಬ್ಬರು ರಕ್ಷಾಕವಚ, ಒಬ್ಬರು ಇನ್ನೊಂದು ರೇಡಿಯೊ. ಬಯಲಲ್ಲಿ ಐವತ್ತು ಕಿಲೋ ಲೆಕ್ಕಕ್ಕೇ ಬರುವುದಿಲ್ಲ. ಸೋನಂ ಠಾಣೆಯಲ್ಲಿ ಆ ಐವತ್ತು ಕಿಲೋ ಅಂದರೆ ಇನ್ನೊಂದು ಹಾರಾಟ, ಇಬ್ಬರು ಪೈಲಟ್‌ಗಳಿಗೆ ಇನ್ನೊಮ್ಮೆ ಅದೇ ಅಪಾಯ. ಗಾಯಗೊಂಡ ಸೈನಿಕನನ್ನು ತರೋಕೆ ಹೋದಾಗ, ಅವನ ಜೊತೆ ನೋಡಿಕೊಳ್ಳುವ ಇನ್ನೊಬ್ಬನಿಗೆ ಜಾಗ ಸಿಗುತ್ತದೋ ಇಲ್ಲವೋ ಅನ್ನೋದನ್ನು ತೀರ್ಮಾನಿಸುವುದೂ ಅಷ್ಟೇ ತೂಕ.