ಕೋಳಿಗೂಡಿನಿಂದ ಕೊಟ್ಟಿಗೆಗೆ: ಹಕ್ಕಿ ಜ್ವರ ಬಂದ ದಾರಿ

ಮಲೆನಾಡಿನ ಹಳ್ಳಿಗಳಲ್ಲಿ ಕೋಳಿ ಸಾಯುವುದು ಹೊಸತಲ್ಲ. ಬೆಳಿಗ್ಗೆ ಗೂಡು ತೆಗೆದರೆ ಎರಡು ಸತ್ತಿರುತ್ತವೆ. ಸಂಜೆಗೆ ಇನ್ನೆರಡು ತೂಕಡಿಸುತ್ತಿರುತ್ತವೆ. ‘ಕೊಕ್ಕರೆ ರೋಗ ಬಂತು’ ಅಂತಾರೆ. ಸತ್ತದ್ದನ್ನು ಗೊಬ್ಬರದ ಗುಂಡಿಗೋ ಹಳ್ಳಕ್ಕೋ ಎಸೆಯುತ್ತಾರೆ. ಜೀವ ಇರುವುದನ್ನು ಬೇಗ ಕೊಯ್ದು ಸಾರು ಮಾಡುವವರೂ ಇದ್ದಾರೆ.

ಹೆಚ್ಚಿನ ಸಲ ಅದು ಕೊಕ್ಕರೆ ರೋಗವೇ ಇರಬಹುದು. ಅದಕ್ಕೆ ಲಸಿಕೆ ಇದೆ, ಮನುಷ್ಯರ ಜೀವಕ್ಕೆ ಅದರಿಂದ ಭಯವಿಲ್ಲ. ಆದರೆ ಹಕ್ಕಿ ಜ್ವರವೂ ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಮಂಕು ಹಿಡಿಯುತ್ತದೆ, ಮುಖ ಊದುತ್ತದೆ, ಜುಟ್ಟು ನೀಲಿಗಟ್ಟುತ್ತದೆ, ಒಂದೆರಡು ದಿನದಲ್ಲಿ ಗೂಡೇ ಖಾಲಿ. ಬರೀ ಕಣ್ಣಲ್ಲಿ ನೋಡಿ ಇದು ಅದಲ್ಲ ಅಂತ ಹೇಳುವುದು ಪಶುವೈದ್ಯರಿಗೂ ಕಷ್ಟ. ಖಚಿತವಾಗಬೇಕಾದರೆ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಬೇಕು.

ಹಕ್ಕಿ ಜ್ವರ ತರುವ ಇವತ್ತಿನ ಎಚ್5ಎನ್1 ವೈರಸ್‌ನ ಜಾಡು ಹಿಡಿದು ಹೋದರೆ ಚೀನಾದ ಗುವಾಂಗ್‌ಡಾಂಗ್‌ನ ಒಂದು ಸಾಕು ಹೆಬ್ಬಾತು ಸಿಗುತ್ತದೆ. ಅದು 1996. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಸೋಂಕು ತಗುಲಿತು, 6 ಮಂದಿ ತೀರಿಕೊಂಡರು. ನಗರದ ಕೋಳಿಗಳನ್ನೆಲ್ಲ ಕೊಂದರು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಸತ್ತವು. ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಗೆ ಬರುವುದೂ ಇದೇ ಜಾತಿಯ ಹಕ್ಕಿ. ಹಾಗಂತ ತಪ್ಪನ್ನೆಲ್ಲ ವಲಸೆ ಹಕ್ಕಿಗಳ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಕಾಡು ಬಾತುಗಳ ಕರುಳಲ್ಲಿ ಫ್ಲೂ ವೈರಸ್ ತನ್ನಷ್ಟಕ್ಕೆ, ಹೆಚ್ಚು ಹಾನಿ ಮಾಡದೆ ಇದ್ದುಕೊಂಡು ಬಂದಿತ್ತು. ಒತ್ತಾಗಿ ತುಂಬಿದ ಸಾಕು ಕೋಳಿಗಳ ನಡುವೆ ಸುತ್ತಿ ಸುತ್ತಿ ಅದು ಕೊಲ್ಲುವ ವೈರಸ್ ಆಯಿತು. ಆಮೇಲೆ ವಾಪಸ್ ಕಾಡು ಹಕ್ಕಿಗಳಿಗೆ ಹತ್ತಿತು.

ಭಾರತಕ್ಕೆ ಬಂದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರಕ್ಕೆ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ ಕಾಣಿಸಿತು. 2020ರ ಮಾರ್ಚ್‌ನಲ್ಲಿ ಮೈಸೂರಿಗೂ ಹರಿಹರ ತಾಲ್ಲೂಕಿನ ಬನ್ನಿಕೋಡಿಗೂ ಬಂತು. ಹರಿಹರ ಅಂದರೆ ಶಿವಮೊಗ್ಗದ ಪಕ್ಕದ ಮನೆ ಇದ್ದ ಹಾಗೆ. ಕೊರೊನಾ ಗಲಾಟೆಯಲ್ಲಿ ಆ ಸುದ್ದಿ ನಮ್ಮ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. 2025ರಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ.

ಇದಿಷ್ಟೂ ಕೋಳಿ ಕತೆ. 2024ರ ಮಾರ್ಚ್‌ನಲ್ಲಿ ಕತೆ ಬದಲಾಯಿತು.

ಅಮೆರಿಕದ ಟೆಕ್ಸಾಸ್‌ನ ಡೈರಿಗಳಲ್ಲಿ ಹಸುಗಳು ಮೇವು ಬಿಟ್ಟವು. ಹಾಲು ಇಳಿಯಿತು. ಕರೆದ ಹಾಲು ಗಿಣ್ಣದ ಹಾಲಿನಂತೆ ದಪ್ಪಗೆ, ಹಳದಿಯಾಗಿ ಬರತೊಡಗಿತು. ಯಾವ ಮಾಮೂಲಿ ರೋಗಕ್ಕೂ ಹೊಂದುತ್ತಿರಲಿಲ್ಲ. ಆ ಡೈರಿಗಳ ಸುತ್ತ ಹಕ್ಕಿಗಳು ಸತ್ತು ಬಿದ್ದಿದ್ದವು, ಹಸಿ ಹಾಲು ಕುಡಿದ ಬೆಕ್ಕುಗಳೂ ಸತ್ತವು. ಪರೀಕ್ಷೆ ಮಾಡಿದರೆ ಎಚ್5ಎನ್1! ಹಸುವಿಗೆ ಇದು ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ವೈರಸ್ ಮೂಗಿಗಿಂತ ಜಾಸ್ತಿ ಕೆಚ್ಚಲಲ್ಲಿ ಕೂತಿತ್ತು. ಕೆಚ್ಚಲಿನ ಜೀವಕೋಶಗಳಲ್ಲಿ ಹಕ್ಕಿಯ ಫ್ಲೂ ಹಿಡಿಯುವ ಕೊಂಡಿಯೂ ಇದೆ, ಮನುಷ್ಯರ ಫ್ಲೂ ಹಿಡಿಯುವ ಕೊಂಡಿಯೂ ಇದೆ. ಹಾಲು ಕರೆಯುವ ಯಂತ್ರದ ಬಟ್ಟಲು ಒಂದು ಹಸುವಿನಿಂದ ಇನ್ನೊಂದಕ್ಕೆ ಅದನ್ನು ದಾಟಿಸಿತು. ಲಾರಿಯಲ್ಲಿ ಸಾಗಿಸಿದ ದನಗಳು ರಾಜ್ಯದಿಂದ ರಾಜ್ಯಕ್ಕೆ ಒಯ್ದವು. ಸಾವಿರಕ್ಕೂ ಹೆಚ್ಚು ಹಿಂಡುಗಳಿಗೆ ಹಬ್ಬಿತು. ಹಾಲು ಕರೆಯುವ ಕೆಲಸಗಾರರ ಕಣ್ಣು ಕೆಂಪಾಯಿತು, ಹೆಚ್ಚಿನವರು ಹುಷಾರಾದರು. 2025ರ ಜನವರಿಯಲ್ಲಿ ಲೂಸಿಯಾನಾದಲ್ಲಿ ಒಬ್ಬರು ತೀರಿಕೊಂಡರು. ಅವರಿಗೆ ತಗುಲಿದ್ದು ಹಸುಗಳಲ್ಲಿ ಹಬ್ಬಿದ ಬಗೆಯಲ್ಲ. ಅವರ ಹಿತ್ತಲಲ್ಲಿ ಕೋಳಿಗಳಿದ್ದವು.

ನಮ್ಮಲ್ಲಿ ಹಸುವಿನಿಂದ ಹಸುವಿಗೆ ಹೀಗೆ ಹಬ್ಬಿದ ವರದಿ ಇಲ್ಲ. ಹಾಲು ಕಾಯಿಸಿ ಕುಡಿಯುವ ನಮ್ಮ ಅಭ್ಯಾಸ ದೊಡ್ಡ ರಕ್ಷಣೆ, ಕುದಿಸಿದರೆ ವೈರಸ್ ಸಾಯುತ್ತದೆ. ಆದರೆ ನಮ್ಮ ಮನೆಗಳನ್ನು ನೋಡಿ. ಕೊಟ್ಟಿಗೆಯ ಪಕ್ಕದಲ್ಲೇ ಕೋಳಿಗೂಡು. ಮಲೆನಾಡು ಗಿಡ್ಡ ತಳಿಯ ದನ ಮೇಯುವ ಅಂಗಳದಲ್ಲೇ ಕೋಳಿ ಕೆದಕುತ್ತದೆ. ಹಾಲು ಕರೆಯುವಾಗ ಬೆಕ್ಕು ಬಂದು ಕೂರುತ್ತದೆ, ಅದರ ಗೆರಟೆಗೆ ನಾಲ್ಕು ಸೆಳಕು ಹಸಿ ಹಾಲು ಬೀಳುತ್ತದೆ. ಹಕ್ಕಿ, ದನ, ಬೆಕ್ಕು, ಮನುಷ್ಯ ಎಲ್ಲ ಹತ್ತು ಹೆಜ್ಜೆಯೊಳಗೆ. ಟೆಕ್ಸಾಸ್‌ನಲ್ಲಿ ವೈರಸ್ ನಡೆದದ್ದೂ ಇಂಥದ್ದೇ ದಾರಿಯಲ್ಲಿ ಅಲ್ವಾ?

ದೇಶದೊಳಗೂ ಎಚ್ಚರಿಕೆಗಳು ಬಂದಿವೆ. 2021ರ ಜುಲೈನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹರಿಯಾಣದ ಹುಡುಗನೊಬ್ಬ ಸತ್ತ. ಹಕ್ಕಿ ಜ್ವರದಿಂದ ದೇಶದಲ್ಲಿ ಅದೇ ಮೊದಲ ಸಾವು. 2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಮಗು ತೀರಿಕೊಂಡಿತು. ಹಸಿ ಕೋಳಿಯ ತುಂಡು ಬಾಯಿಗೆ ಹಾಕಿಕೊಂಡಿತ್ತು ಅಂತ ಮನೆಯವರು ಹೇಳಿದ್ದರು. ನಾಗಪುರದ ಗೋರೆವಾಡಾ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಇದೇ ಜ್ವರಕ್ಕೆ ಮೂರು ಹುಲಿ, ಒಂದು ಚಿರತೆ ಸತ್ತವು. ಆದರೂ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ಗುಣ ಈ ವೈರಸ್‌ಗೆ ಬಂದಿಲ್ಲ. ಚೆನ್ನಾಗಿ ಬೆಂದ ಕೋಳಿ, ಮೊಟ್ಟೆ ತಿನ್ನಲು ಹೆದರಬೇಕಿಲ್ಲ.

ಪ್ರಾಣಿಯ ಸಾವನ್ನು ಓದುವುದು ಮಲೆನಾಡಿಗೆ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಅಂದಿನಿಂದ ತೋಟದಲ್ಲಿ ಮಂಗ ಸತ್ತು ಬಿದ್ದರೆ ಯಾರೂ ಮುಟ್ಟುವುದಿಲ್ಲ, ಆಸ್ಪತ್ರೆಗೆ ತಿಳಿಸುತ್ತಾರೆ. ಈ ಮಂಗನ ಕಾಯಿಲೆಗೆ ಹಲವರನ್ನು ಕಳೆದುಕೊಂಡ ಸಾಗರದ ಅರಳಗೋಡಿನ ಜನರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸತ್ತ ಕೋಳಿಗೆ, ಮಂಡಗದ್ದೆಯ ಪಕ್ಷಿಧಾಮದಲ್ಲೋ ಗುಡವಿಯ ಪಕ್ಷಿಧಾಮದಲ್ಲೋ ಗುಂಪಾಗಿ ಸತ್ತ ಬೆಳ್ಳಕ್ಕಿಗೆ ಆ ಎಚ್ಚರ ಇನ್ನೂ ಬಂದಿಲ್ಲ.

ಇದಕ್ಕೆ ಕಾರಣ ಬರೀ ಅಸಡ್ಡೆಯಲ್ಲ. ರೋಗ ಖಚಿತವಾದರೆ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ಕಣ್ಣಿಡುತ್ತಾರೆ. ಹರಕೆಗೆ ಅಂತ ಬಿಟ್ಟ ಹುಂಜ, ಮೊಟ್ಟೆ ಮಾರಿ ನಾಲ್ಕು ಕಾಸು ನೋಡುವ ಹೆಂಗಸಿನ ಹೇಟೆ, ಎಲ್ಲವೂ ಹೋಗುತ್ತವೆ. ಬಾಯಿ ಬಿಡಲು ಜನ ಹಿಂಜರಿಯುವುದು ಸಹಜ. ಆದರೆ ಪರಿಹಾರ ಸಿಗುವುದು ಸರ್ಕಾರ ಕೊಂದ ಕೋಳಿಗೆ, ತಾನಾಗೇ ಸತ್ತದ್ದಕ್ಕಲ್ಲ. ಮೊದಲೆರಡು ಕೋಳಿ ಸತ್ತಾಗಲೇ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೆ ಉಳಿದವಕ್ಕಾದರೂ ದುಡ್ಡು ಬರುತ್ತದೆ. ಗೂಡು ಖಾಲಿಯಾದ ಮೇಲೆ ಹೇಳಿದರೆ ಅದೂ ಇಲ್ಲ.